ಗಡಿ ದಾಟಿದ ಕೊಂಬೆಯ ನ್ಯಾಯ

ನೆರೆಹೊರೆಯವರ ನಡುವೆ ಹುಟ್ಟುವ ವ್ಯಾಜ್ಯಗಳಲ್ಲಿ ಮರಗಿಡಗಳ ವ್ಯಾಜ್ಯಕ್ಕೆ ಒಂದು ವಿಶೇಷ ಲಕ್ಷಣವಿದೆ. ಗೋಡೆ, ಚರಂಡಿ, ಕಾಲುದಾರಿಗಳ ಒತ್ತುವರಿಯ ಹಿಂದೆ ಸಾಮಾನ್ಯವಾಗಿ ಯಾರದೋ ಉದ್ದೇಶ ಇರುತ್ತದೆ. ಆದರೆ ಮಾವಿನ ಕೊಂಬೆಯೊಂದು ಕಾಂಪೌಂಡ್ ಗೋಡೆ ದಾಟಿ ಪಕ್ಕದ ಮನೆಯ ತಾರಸಿಯ ಮೇಲೆ ಎಲೆ ಉದುರಿಸುವಾಗ, ಅಥವಾ ಬದುವಿನ ಮೇಲಿನ ಹುಣಸೆಮರದ ನೆರಳು ಆಚೆಯವರ ರಾಗಿ ಹೊಲದ ಮೇಲೆ ಬಿದ್ದು ಪೈರು ಸೊರಗುವಾಗ, ಯಾರೂ ತಪ್ಪು ಮಾಡಿರುವುದಿಲ್ಲ, ಆದರೂ ಒಬ್ಬರಿಗೆ ನಿಜವಾದ ನಷ್ಟ ಆಗುತ್ತಲೇ ಇರುತ್ತದೆ. ಹೀಗೆ ತಪ್ಪಿತಸ್ಥರಿಲ್ಲದ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲದೇಶಗಳ ನ್ಯಾಯಶಾಸ್ತ್ರಗಳು ಕೊಟ್ಟ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ, ಇಂದು ಕರ್ನಾಟಕದ ಊರು ಬಡಾವಣೆಗಳಲ್ಲಿ ರೂಢಿಯಲ್ಲಿರುವ ‘ನಮ್ಮ ಕಡೆ ಬಂದದ್ದನ್ನು ನಾವು ಕಡಿಯುತ್ತೇವೆ’ ಎಂಬ ನಿಲುವು ಎಷ್ಟು ಅಪೂರ್ಣವೆಂಬುದು ಸ್ಪಷ್ಟವಾಗುತ್ತದೆ.

ಈ ವ್ಯಾಜ್ಯದ ಬೀಜ ಜಮೀನಿನ ಅಳತೆಯಲ್ಲೇ ಇದೆ. ನಗರಗಳಲ್ಲಿ ಅತಿ ಸಾಮಾನ್ಯವಾದ ನಿವೇಶನದ ಅಗಲ 30 ಅಡಿ, ಉದ್ದ 40 ಅಡಿ. ಚೆನ್ನಾಗಿ ಬೆಳೆದ ಹೊಂಗೆ ಅಥವಾ ಮಾವಿನ ಮರದ ಹರವು 30 ಅಡಿಯನ್ನು ಸುಲಭವಾಗಿ ಮುಟ್ಟುವುದರಿಂದ, ಅದನ್ನು ನಿವೇಶನದ ನಟ್ಟನಡುವೆ ನೆಟ್ಟರೂ ಕೊಂಬೆಗಳು ಎರಡೂ ಪಕ್ಕದ ಗಡಿಗಳನ್ನು ತಲುಪುತ್ತವೆ, ಮನೆಯೇ ನಡುಭಾಗವನ್ನು ಆಕ್ರಮಿಸಿ ಮರಕ್ಕೆ ಗೋಡೆಯಂಚಿನ ಜಾಗ ಮಾತ್ರ ಉಳಿದಾಗ ಗಡಿ ದಾಟದೆ ಅದಕ್ಕೆ ಬೇರೆ ದಾರಿಯೇ ಇರುವುದಿಲ್ಲ. ಹಳ್ಳಿಗಳಲ್ಲಿ ನೇಗಿಲು ತಾಗದ ಜಾಗವೆಂದರೆ ಬದುವೇ ಆದ್ದರಿಂದ ಬೇವು, ಹುಣಸೆ, ಜಾಲಿಗಳು ಅಲ್ಲಿಯೇ, ಅಂದರೆ ಇಬ್ಬರ ಹೊಲಗಳ ನಡುವಿನ ಗೆರೆಯ ಮೇಲೆಯೇ ಬೆಳೆಯುತ್ತವೆ. ಕರಾವಳಿಯಲ್ಲಿ ಬೆಳಕನ್ನು ಅರಸಿ ವಾಲಿದ ತೆಂಗಿನಮರ ಪಕ್ಕದವರ ಹೆಂಚಿನ ಮೇಲೆ ಕಾಯಿ ಬೀಳಿಸುತ್ತದೆ. ಎಲ್ಲೆಡೆಯೂ ಸವರದೆ ಬಿಟ್ಟ ಬೇಲಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ, ಅದರ ನಡುಗೆರೆ ಎಲ್ಲಿತ್ತೆಂಬುದೇ ಮರೆತುಹೋಗಿ, ಕಡೆಗೆ ಸರ್ವೆಯವರನ್ನು ಕರೆಸಿ ಹದ್ದುಬಸ್ತು ಮಾಡಿಸಬೇಕಾದ, ಅಂದರೆ ದಾಖಲೆಯ ಪ್ರಕಾರ ಗಡಿಯನ್ನು ಮತ್ತೆ ಅಳೆದು ಗುರುತಿಸಬೇಕಾದ ಸ್ಥಿತಿ ಬರುತ್ತದೆ.

ಪ್ರಾಚೀನ ಭಾರತದ ಧರ್ಮಶಾಸ್ತ್ರಕಾರರು ಮರ ಮತ್ತು ಗಡಿಗಳ ಸಂಬಂಧವನ್ನು ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಕಂಡಿದ್ದರು. ಅವರ ಪಾಲಿಗೆ ಮರವು ಗಡಿಯನ್ನು ಮೀರುವ ವಸ್ತುವಲ್ಲ, ಗಡಿಯನ್ನು ಕಾಯುವ ಸಾಕ್ಷಿ. ಮನುಸ್ಮೃತಿಯ ಎಂಟನೆಯ ಅಧ್ಯಾಯ ಆಲ, ಅರಳಿ, ಮುತ್ತುಗ, ಬೂರುಗ, ತಾಳೆ ಮೊದಲಾದ ಬಹುಕಾಲ ಬಾಳುವ ಮರಗಳನ್ನು ಗಡಿಗುರುತಾಗಿ ಬೆಳೆಸಬೇಕೆಂದು ಹೇಳುತ್ತದೆ. ಮೇಲೆ ಕಾಣುವ ಗುರುತು ಅಳಿದರೂ ನೆಲದೊಳಗಿನದು ಉಳಿಯಲೆಂದು ಕಲ್ಲು, ಎಲುಬು, ಹೊಟ್ಟು, ಬೂದಿ, ಇದ್ದಿಲು, ಇಟ್ಟಿಗೆ, ಮರಳುಗಳನ್ನು ಗಡಿಯಲ್ಲಿ ಹೂಳಿಡುವಂತೆಯೂ ಸೂಚಿಸುತ್ತದೆ. ಕರ್ನಾಟಕದ ದಾನಶಾಸನಗಳು ಭೂಮಿಯ ಎಲ್ಲೆಯನ್ನು ವಿವರಿಸುವಾಗ ಹಳ್ಳ, ಬಂಡೆ, ಹುತ್ತಗಳ ಜೊತೆಗೆ ಹುಣಸೆ ಆಲಗಳನ್ನು ಹೆಸರಿಸುವುದರ ಹಿಂದೆಯೂ ಇದೇ ತಿಳಿವಳಿಕೆ ಇದೆ.

ಈ ವಿಷಯದಲ್ಲಿ ಕನ್ನಡ ನಾಡಿಗೆ ಇನ್ನೂ ನೇರವಾದ ನಂಟೊಂದಿದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವು ಆಸ್ತಿಯ ಪಾಲಿನ ನಿಯಮಗಳಿಗಾಗಿ ಜಗತ್ಪ್ರಸಿದ್ಧವಾದರೂ, ಆ ಸ್ಮೃತಿಯ ‘ಸೀಮಾವಿವಾದ’ ಪ್ರಕರಣ, ಅಂದರೆ ಗಡಿತಂಟೆಗಳ ನಿರ್ಣಯವನ್ನು ಹೇಳುವ ಭಾಗ, ಅಷ್ಟೇ ಗಮನಾರ್ಹವಾಗಿದೆ. ಗಡಿಯನ್ನು ತೋರಿಸಲು ಅಲ್ಲಿ ಕರೆಯಲಾಗುವವರು ಅಕ್ಕಪಕ್ಕದ ಭೂಮಾಲೀಕರು, ವೃದ್ಧರು, ದನಗಾಹಿಗಳು, ಗಡಿಯಂಚಿನಲ್ಲಿ ಉಳುವವರು ಮತ್ತು ಕಾಡಿನಲ್ಲಿ ಓಡಾಡುವವರು, ಅಂದರೆ ಆ ನೆಲದ ಮೇಲೆ ದಿನವೂ ಕಾಲಿಟ್ಟವರು. ನಾಲ್ವರು, ಎಂಟು ಅಥವಾ ಹತ್ತು ಮಂದಿ ನೆರೆಯವರು ಕೆಂಪು ಹೂಮಾಲೆ ಧರಿಸಿ, ಕೆಂಪು ಬಟ್ಟೆ ಉಟ್ಟು, ತಲೆಯ ಮೇಲೆ ಮಣ್ಣು ಹೊತ್ತು, ಮರ, ಹುತ್ತ, ತಗ್ಗು, ದಿಣ್ಣೆಗಳನ್ನು ಗುರುತಿಸುತ್ತ ಗಡಿಯುದ್ದಕ್ಕೂ ನಡೆಯಬೇಕೆಂಬುದು ಅಲ್ಲಿನ ವಿಧಿ. ಯಾವ ನೆಲದ ಬಗ್ಗೆ ಸಾಕ್ಷಿ ನುಡಿಯುತ್ತಾರೋ ಆ ನೆಲದ ಭಾರವನ್ನೇ ಹೊತ್ತು ಊರಿನ ಕಣ್ಣೆದುರು ನಡೆಯುವವರಿಗೆ ಸುಳ್ಳು ಹೇಳುವುದು ಕಷ್ಟವೆಂಬ ಮನೋವಿಜ್ಞಾನ ಈ ವಿಧಿಯಲ್ಲಿ ಅಡಗಿದೆ.

ಅದೇ ಸ್ಮೃತಿ, ಜನರ ಜೀವನಕ್ಕೆ ಆಧಾರವಾದ ಮರದ ಕೊಂಬೆಯನ್ನು ಕಡಿದವರಿಗೆ 20 ಪಣ, ಕಾಂಡವನ್ನು ಕಡಿದವರಿಗೆ 40 ಪಣ, ಇಡೀ ಮರವನ್ನು ನಾಶಮಾಡಿದವರಿಗೆ 80 ಪಣ ದಂಡ ವಿಧಿಸಿ, ಮರವು ದೇವಾಲಯ, ಸ್ಮಶಾನ ಅಥವಾ ಗಡಿಯಲ್ಲಿ ಬೆಳೆದದ್ದಾದರೆ ಆ ದಂಡವನ್ನು ಇಮ್ಮಡಿಗೊಳಿಸುತ್ತದೆ. ಪಣವೆಂದರೆ ಆ ಕಾಲದ ನಾಣ್ಯ. ನಾರದಸ್ಮೃತಿಯಾದರೋ ಎರಡು ಹೊಲಗಳ ನಡುವಿನ ಗಡಿಯಲ್ಲಿ ಹುಟ್ಟಿದ ಮರದ ಹೂವು ಹಣ್ಣುಗಳು ಎರಡೂ ಹೊಲದವರಿಗೆ ಸಮಾನವಾಗಿ ಸೇರಬೇಕೆಂದು ನಿರ್ಣಯಿಸುತ್ತದೆ. ಈ ಗ್ರಂಥಗಳು ಅನೇಕ ಅಪರಾಧಗಳಿಗೆ ವರ್ಣಕ್ಕೆ ತಕ್ಕಂತೆ ಶಿಕ್ಷೆಯನ್ನು ಬದಲಿಸಿದವುಗಳಾದ್ದರಿಂದ ಅವನ್ನು ಇಡಿಯಾಗಿ ಇಂದಿಗೆ ಮಾದರಿಯೆನ್ನುವುದು ಸಲ್ಲದು; ಆದರೆ ಗಡಿಯ ಮರವನ್ನು ಒಬ್ಬರ ಸ್ವತ್ತೆಂದೂ ಇನ್ನೊಬ್ಬರ ಉಪದ್ರವವೆಂದೂ ಸೀಳದೆ ಇಬ್ಬರಿಗೂ ಸೇರಿದ ಹೊಣೆಯೆಂದು ಕಂಡ ಆ ದೃಷ್ಟಿ ಮಾತ್ರ ಉಳಿಸಿಕೊಳ್ಳಲು ಯೋಗ್ಯವಾದದ್ದು.

ಯುರೋಪಿನ ನ್ಯಾಯಪದ್ಧತಿಗಳು ಇದೇ ಪ್ರಶ್ನೆಯನ್ನು ಹಕ್ಕುಗಳ ಭಾಷೆಯಲ್ಲಿ ಬಿಡಿಸಿದವು. ಕ್ರಿ.ಪೂ. ಐದನೆಯ ಶತಮಾನದ ರೋಮಿನ ಹನ್ನೆರಡು ಫಲಕಗಳ ಶಾಸನದಲ್ಲಿಯೇ, ನೆರಳಿನಿಂದ ನೆರೆಯವರಿಗೆ ತೊಂದರೆಯಾಗದಂತೆ 15 ಅಡಿ ಎತ್ತರದವರೆಗೆ ಕೊಂಬೆಗಳನ್ನು ಸವರಬೇಕೆಂಬ ನಿಯಮವೂ, ತನ್ನ ಮರದಿಂದ ಆಚೆ ಬಿದ್ದ ಕಾಯಿಯನ್ನು ಹೋಗಿ ಆಯ್ದುಕೊಳ್ಳುವ ಹಕ್ಕೂ ಇದ್ದವು. ಇಂದಿನ ಫ್ರೆಂಚ್ ನಾಗರಿಕ ಸಂಹಿತೆಯ ಪ್ರಕಾರ ಗಡಿ ದಾಟಿದ ಬೇರನ್ನು ನೆರೆಯವರು ತಾವೇ ಕತ್ತರಿಸಬಹುದಾದರೂ ಕೊಂಬೆಯನ್ನು ಮಾತ್ರ ಮರದ ಒಡೆಯರಿಂದಲೇ ಕಡಿಸಬೇಕು. ತಾನಾಗಿ ಬಿದ್ದ ಹಣ್ಣು ಬಿದ್ದ ನೆಲದವರಿಗೆ ಸೇರುತ್ತದೆ. ಸ್ಥಳೀಯ ನಿಯಮಗಳು ಬೇರೆ ಇಲ್ಲದಿದ್ದರೆ, 2 ಮೀಟರಿಗಿಂತ ಎತ್ತರ ಬೆಳೆಯುವ ಗಿಡವನ್ನು ಗಡಿಯಿಂದ ಕನಿಷ್ಠ 2 ಮೀಟರ್ ದೂರದಲ್ಲಿ ನೆಡಬೇಕು. 1900ರಲ್ಲಿ ಜಾರಿಗೆ ಬಂದ ಜರ್ಮನ್ ಸಂಹಿತೆ, ತೊಂದರೆ ಕೊಡುವ ಕೊಂಬೆಯನ್ನು ತೆಗೆಯಲು ಒಡೆಯರಿಗೆ ತಕ್ಕಷ್ಟು ಕಾಲಾವಕಾಶ ಕೊಟ್ಟು, ಅವರು ಸುಮ್ಮನಿದ್ದಾಗ ಮಾತ್ರ ನೆರೆಯವರು ಕತ್ತರಿಸಬಹುದೆನ್ನುತ್ತದೆ.

ಇವುಗಳಿಗೆ ಹೋಲಿಸಿದರೆ ಭಾರತದ ನ್ಯಾಯಾಲಯಗಳ ಮೇಲೆ ಪ್ರಭಾವ ಬೀರಿದ ಇಂಗ್ಲಿಷ್ ಕಾನೂನು ಹೆಚ್ಚು ಒರಟಾದದ್ದು. ಲೆಮನ್ ಮತ್ತು ವೆಬ್ ಎಂಬವರ ನಡುವಿನ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ 1894ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಕೊಂಬೆ ಎಷ್ಟು ವರ್ಷದಿಂದ ಚಾಚಿಕೊಂಡಿದ್ದರೂ ಮರದ ಒಡೆಯರಿಗೆ ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ, ಮತ್ತು ನೆರೆಯವರು ಆಚೆಯ ನೆಲಕ್ಕೆ ಕಾಲಿಡದೆ ಕತ್ತರಿಸಬಲ್ಲರಾದರೆ ಮುನ್ಸೂಚನೆಯನ್ನೂ ಕೊಡಬೇಕಾಗಿಲ್ಲ. ಆದರೆ ಕತ್ತರಿಸಿದ ಮಾತ್ರಕ್ಕೆ ಫಲ ಅವರದಾಗುವುದಿಲ್ಲ. ಹೀಗೆ ಚಾಚಿದ ಕೊಂಬೆಗಳಿಂದ ಸೇಬು ಕಿತ್ತು ಮಾರಿದ ನೆರೆಯವರು ಮರದ ಒಡೆಯರಿಗೆ ಪರಿಹಾರ ಕೊಡಬೇಕೆಂದು 1919ರಲ್ಲಿ ಇನ್ನೊಂದು ಇಂಗ್ಲಿಷ್ ನ್ಯಾಯಾಲಯ ತೀರ್ಮಾನಿಸಿತು. ಗಡಿಯವರೆಗೆ ಕಡಿಯಬಹುದು, ಗಡಿ ದಾಟಬಾರದು, ಕಡಿದದ್ದನ್ನು ಇಟ್ಟುಕೊಳ್ಳಬಾರದು ಎಂಬ ಈ ಮೂರು ಸೂತ್ರಗಳೇ ಇಂದಿಗೂ ಈ ಬಗೆಯ ಹೆಚ್ಚಿನ ವಾದವಿವಾದಗಳ ಬೆನ್ನೆಲುಬು.

ಇಲ್ಲಿಯೇ ಕಾನೂನಿನ ಗೆರೆಗೂ ಮರದ ದೇಹರಚನೆಗೂ ತಾಳೆಯಾಗದ ಸಂಗತಿ ಎದುರಾಗುತ್ತದೆ. ಕೊಂಬೆಯು ಕಾಂಡವನ್ನು ಸೇರುವಲ್ಲಿ ತುಸು ಉಬ್ಬಿದ ಒಂದು ಸುತ್ತು ಇರುತ್ತದೆ. ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಗಾಯಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಅರಣ್ಯವಿಜ್ಞಾನಿ ಅಲೆಕ್ಸ್ ಶೈಗೊ ತೋರಿಸಿಕೊಟ್ಟಂತೆ, ಪ್ರಾಣಿಗಳ ಗಾಯದ ಹಾಗೆ ಮರದ ಗಾಯ ಮಾಯುವುದಿಲ್ಲ, ಬದಲಿಗೆ ಮರವು ಗಾಯಗೊಂಡ ಭಾಗವನ್ನು ಒಳಗಿನಿಂದ ಬೇರ್ಪಡಿಸಿ ಹೊಸ ಅಂಗಾಂಶದಿಂದ ಮುಚ್ಚಿಕೊಳ್ಳುತ್ತದೆ, ಮತ್ತು ಈ ಕೆಲಸ ನಡೆಯುವುದು ಆ ಉಬ್ಬಿನ ಬಳಿಯಲ್ಲೇ. ಆದ್ದರಿಂದ ದೊಡ್ಡ ಕೊಂಬೆಯನ್ನು ತೆಗೆಯುವಾಗ ತೊಗಟೆ ಸುಲಿದುಹೋಗದಂತೆ ಮೊದಲು ಬುಡದಿಂದ ಸ್ವಲ್ಪ ದೂರದಲ್ಲಿ ಕೆಳಗಿನಿಂದ ಅರ್ಧ ಗರಗಸ ಹಾಕಿ, ನಂತರ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಿ, ಕಡೆಗೆ ಉಳಿದ ತುಂಡನ್ನು ಉಬ್ಬಿಗೆ ಪೆಟ್ಟಾಗದ ಹಾಗೆ ಅದರ ಹೊರಅಂಚಿನಲ್ಲಿ ಕತ್ತರಿಸಬೇಕು. ಗೋಡೆಯ ನೇರಕ್ಕೆ ಮಚ್ಚು ಬೀಸಿದಾಗ ಉಳಿಯುವ ಮೋಟು ಕೊಂಬೆಯಾದರೋ ಒಣಗಿ, ಅದರ ಮೂಲಕ ಅಣಬೆಯ ಸೋಂಕು ಇಳಿದು, ಕೆಲವು ವರ್ಷಗಳಲ್ಲಿ ಕಾಂಡವನ್ನೇ ಟೊಳ್ಳಾಗಿಸಬಹುದು.

ಬೇರುಗಳ ವಿಷಯವೂ ಹೀಗೆಯೇ. ಅವುಗಳಲ್ಲಿ ಬಹುಪಾಲು ಮೇಲಿನ ಸುಮಾರು ಒಂದು ಮೀಟರ್ ಮಣ್ಣಿನೊಳಗೇ, ಕೊಂಬೆಗಳ ಹರವನ್ನೂ ಮೀರಿ ಹಬ್ಬಿರುವುದರಿಂದ, ಕಾಂಡದ ಸಮೀಪದಲ್ಲಿ ಪಾಯ ತೋಡಲು ದಪ್ಪ ಬೇರನ್ನು ಕತ್ತರಿಸಿದವರು ತಮ್ಮ ನೆಲದಲ್ಲಿ ತಮ್ಮ ಹಕ್ಕನ್ನೇ ಚಲಾಯಿಸಿದರೂ ಮರದ ಹಿಡಿತವನ್ನು ಸಡಿಲಿಸಿ, ಮುಂದೊಂದು ಗಾಳಿಮಳೆಗೆ ಅದು ಇಬ್ಬರಲ್ಲಿ ಯಾರ ಮನೆಯ ಮೇಲಾದರೂ ಬೀಳಲು ಕಾರಣರಾಗುತ್ತಾರೆ. ಕೊಂಬೆಯ ಬುಡದ ಉಬ್ಬು ಸಾಮಾನ್ಯವಾಗಿ ಇರುವುದು ಮರದ ಒಡೆಯರ ಕಡೆ. ಆದ್ದರಿಂದ ಕಾನೂನು ಕೊಡುವ ಕಡಿಯುವ ಹಕ್ಕನ್ನು ಮರಕ್ಕೆ ಕೇಡಾಗದಂತೆ ಬಳಸಬೇಕೆಂದರೆ ಗಡಿಯಾಚೆ ಹೋಗಲೇಬೇಕು, ಹೋಗಲು ಆಚೆಯವರ ಒಪ್ಪಿಗೆ ಬೇಕೇ ಬೇಕು.

ಗೆರೆಯ ತರ್ಕ ಸಂಪೂರ್ಣವಾಗಿ ಕೈಕೊಡುವ ಇನ್ನೊಂದು ಉದಾಹರಣೆಯನ್ನು ಬಯಲುಸೀಮೆಯ ರೈತರು ಅನುಭವದಿಂದ ಬಲ್ಲರು. ಒಬ್ಬರ ಜಮೀನಿನ ನೀಲಗಿರಿ ತೋಪಿನ ಅಂಚಿನಲ್ಲಿ ಇನ್ನೊಬ್ಬರ ರಾಗಿ ಹುರುಳಿಗಳು ಸಾಲುಸಾಲಾಗಿ ಕುಳ್ಳಾಗುವುದಕ್ಕೆ ಚಾಚಿದ ಕೊಂಬೆಗಿಂತ ಕಣ್ಣಿಗೆ ಕಾಣದ ಬೇರಿನ ನೀರಡಿಕೆಯೇ ಹೆಚ್ಚಿನ ಕಾರಣವಾಗಿರುವುದರಿಂದ ರೈತರು ಗಡಿಯುದ್ದಕ್ಕೂ ಕಂದಕ ತೋಡುತ್ತಾರೆ. ಹೊಸಕೋಟೆಯಲ್ಲಿ 1990ರ ದಶಕದಲ್ಲಿ ನಡೆದ ಜಲವಿಜ್ಞಾನದ ಅಧ್ಯಯನವೊಂದು, ಅಲ್ಲಿನ ನೀಲಗಿರಿ ನೆಡುತೋಪು ಬಿದ್ದ ಮಳೆಗಿಂತ ಹೆಚ್ಚು ನೀರನ್ನು, ಅಂದರೆ ಆಳದ ಮಣ್ಣಿನಲ್ಲಿ ಸಂಗ್ರಹವಾಗಿದ್ದ ತೇವವನ್ನೂ ಬಳಸಿತೆಂದು ತೋರಿಸಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ ಪ್ರತಿಭಟಿಸಿದ್ದು, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು, ಇವೆರಡೂ ತೋರಿಸುವಂತೆ, ಯಾವ ಮರವನ್ನು ಎಲ್ಲಿ ನೆಡಬೇಕೆಂಬುದು ನೆಡುವವರೊಬ್ಬರೇ ತೀರ್ಮಾನಿಸುವ ವಿಷಯವಲ್ಲ.

ಕರ್ನಾಟಕದ ಈಗಿನ ಕಾನೂನು ಈ ವ್ಯಾಜ್ಯಕ್ಕೆ ಮೂರನೆಯ ಪಕ್ಷವೊಂದನ್ನು ಸೇರಿಸಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಖಾಸಗಿ ಜಮೀನಿನ ಮರವನ್ನು ಕಡಿಯಲೂ ವೃಕ್ಷ ಅಧಿಕಾರಿಯ, ಅಂದರೆ ಈ ಕಾಯಿದೆಯಡಿ ನೇಮಕಗೊಂಡ ಅಧಿಕಾರಿಯ ಅನುಮತಿ ಬೇಕು. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಒಡೆಯರಿಗೇ ತಮ್ಮ ಮರದ ಮೇಲೆ ಪೂರ್ಣಾಧಿಕಾರ ಇಲ್ಲದಿರುವಾಗ ನೆರೆಯವರಿಗೆ ಅದು ಇರುವುದು ಸಾಧ್ಯವಿಲ್ಲವಾದ್ದರಿಂದ, ದೊಡ್ಡ ಕೊಂಬೆಗೆ ಕೈಹಾಕುವ ಮುನ್ನ ಇಬ್ಬರೂ ಆ ಅಧಿಕಾರಿಗೆ ಅರ್ಜಿ ಸಲ್ಲಿಸುವುದೇ ಕ್ಷೇಮ. ಮರವು ಬಿದ್ದು ಜನರಿಗೆ ಅಪಾಯವಾಗುವ ಸ್ಥಿತಿಯಲ್ಲಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣದಂತೆ, ಅದನ್ನು ತೆಗೆಸಲು ಅಥವಾ ಆಧಾರ ಕೊಡಿಸಲು ಕಾರ್ಯಪಾಲಕ ದಂಡಾಧಿಕಾರಿ ಆದೇಶಿಸಬಹುದು.

ಇಷ್ಟಾದರೂ ಒಂದು ಕೊಂಬೆಯ ಸಲುವಾಗಿ ಸಿವಿಲ್ ದಾವೆ ಹೂಡಿದವರು ವರ್ಷಗಟ್ಟಲೆ ಅಲೆದು ಗೆದ್ದರೂ ಅದೇ ಗೋಡೆಯಾಚೆಯ ಅದೇ ಜನರೊಂದಿಗೆ ಬಾಳಬೇಕಾಗುತ್ತದೆ. ಆದ್ದರಿಂದ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ನಡೆಯುವ ಲೋಕ ಅದಾಲತ್ತು ಇಂಥ ತಂಟೆಗೆ ಹೆಚ್ಚು ಸೂಕ್ತ. ದಾವೆ ಹೂಡುವ ಮೊದಲೇ ಅಲ್ಲಿಗೆ ಹೋಗಬಹುದು, ಇಬ್ಬರೂ ಒಪ್ಪಿದ ರಾಜಿಗೆ ಸಿವಿಲ್ ಡಿಕ್ರಿಯ ಬಲ ಬರುತ್ತದೆ, ಅದರ ಮೇಲೆ ಮೇಲ್ಮನವಿ ಇರುವುದಿಲ್ಲ. ವರ್ಷಕ್ಕೊಮ್ಮೆ ಯಾರ ಖರ್ಚಿನಲ್ಲಿ ಎಷ್ಟು ಸವರುವುದು, ಬಿದ್ದ ಕಾಯಿ ಯಾರಿಗೆ, ಎಲೆ ಗುಡಿಸುವ ಹೊಣೆ ಯಾರದು ಎಂಬ ಸಣ್ಣ ಸಂಗತಿಗಳನ್ನು ಬರೆದಿಟ್ಟುಕೊಳ್ಳಲು ಅಲ್ಲಿ ಅವಕಾಶವಿರುವಷ್ಟು ತೀರ್ಪೊಂದರಲ್ಲಿ ಇರುವುದಿಲ್ಲ.

ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಮಾಡಬೇಕಾದದ್ದೂ ಇದೆ. ಕಟ್ಟಡದ ಸುತ್ತ ಬಿಡಬೇಕಾದ ಜಾಗಕ್ಕೆ ನಿಯಮವಿರುವಂತೆ, ಗಡಿಯಿಂದ ಎಷ್ಟು ದೂರದಲ್ಲಿ ಯಾವ ಎತ್ತರದ ಮರ ನೆಡಬಹುದೆಂಬುದಕ್ಕೂ ಆಯಾ ಊರಿನ ನಿವೇಶನದ ಅಳತೆಗೆ ಹೊಂದುವ ಸರಳ ನಿಯಮವಿರಬೇಕು. ಕಡಿಯುವ ಮುನ್ನ ಬರವಣಿಗೆಯಲ್ಲಿ ತಿಳಿಸಿ ಕಾಲಾವಕಾಶ ಕೊಡುವ ಜರ್ಮನ್ ಪದ್ಧತಿಯನ್ನು ಇಲ್ಲಿಯೂ ಕಡ್ಡಾಯ ಮಾಡಬೇಕು. ಏಪ್ರಿಲ್ ಮೇ ತಿಂಗಳ ಮುಂಗಾರುಪೂರ್ವ ಗಾಳಿಮಳೆ ಶುರುವಾಗುವ ಮೊದಲು ವೃಕ್ಷ ಅಧಿಕಾರಿಯೋ ಪಂಚಾಯಿತಿಯ ಪ್ರತಿನಿಧಿಯೋ ಎರಡೂ ಮನೆಯವರನ್ನು ಮರದ ಬುಡದಲ್ಲಿ ನಿಲ್ಲಿಸಿ ಯಾವ ಕೊಂಬೆ, ಎಲ್ಲಿಗೆ ಕಡಿಯಬೇಕೆಂದು ಗುರುತು ಹಾಕಿಸಬೇಕು. ಯಾಜ್ಞವಲ್ಕ್ಯನ ಕಾಲದಲ್ಲಿ ನೆರೆಯವರೇ ಒಟ್ಟಾಗಿ ಗಡಿಯುದ್ದಕ್ಕೂ ನಡೆದು ನ್ಯಾಯ ಕಂಡುಕೊಳ್ಳಬೇಕಿತ್ತು. ಗೋಡೆಯ ಈಚೆಯಿಂದಲೇ ಬೀಸಿದ ಮಚ್ಚು ಮರವನ್ನೂ ನೆರೆತನವನ್ನೂ ಒಟ್ಟಿಗೇ ಕೆಡಿಸುವ ಈ ಕಾಲದಲ್ಲಿ ಅಂಥ ಜಂಟಿ ತಪಾಸಣೆಯ ಅಗತ್ಯ ಇನ್ನೂ ಹೆಚ್ಚಾಗಿದೆ.