ಒಂದು ಪರ್ಸೆಂಟ್ ಅಂದ್ರೆ ಎಷ್ಟು ನಿಮಿಷ?

ಮೈಕ್ರೋಕಂಟ್ರೋಲರ್ ಆರಿಸುವಾಗ ನಾವೆಲ್ಲ ಮೊದಲು ಕೇಳೋದು, "ಎಷ್ಟು ಮೆಗಾಹರ್ಟ್ಸ್?" ಅಂತ. ನನ್ನ ಪ್ರಕಾರ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: "ಎಷ್ಟು ತಪ್ಪುತ್ತೆ?" ಚಿಪ್‌ಗೆ ತಾಳ ಹಾಕುವುದು ಆಸಿಲೇಟರ್. ತಾಳ ಬರೀ ವೇಗವಾಗಿದ್ದರೆ ಸಾಲದು, ತಪ್ಪಲೂಬಾರದು.

ನಮ್ಮ ಅಕ್ಕನ ಮಗ ಡಿಪ್ಲೊಮಾ ಓದ್ತಿದ್ದಾನೆ. ಊರಿನ ಅಡಿಕೆ ತೋಟದ ಪಂಪ್‌ಸೆಟ್‌ಗೆ ಅವನೇ ಒಂದು ಟೈಮರ್ ಮಾಡಿದ. ಅಲ್ಲಿ ತ್ರೀಫೇಸ್ ಕರೆಂಟ್ ಬರೋದು ರಾತ್ರಿ, ಅದೂ ಕೆಲವೇ ಗಂಟೆ. ಭಾವ ಟಾರ್ಚ್ ಹಿಡಿದು ಕತ್ತಲಲ್ಲಿ ತೋಟಕ್ಕೆ ಹೋಗೋದು ತಪ್ಪಲಿ ಅನ್ನೋದು ಹುಡುಗನ ಆಸೆ. ಮೊದಲ ದಿನ ಮೋಟರ್ ಸರಿಯಾದ ಹೊತ್ತಿಗೇ ಶುರುವಾಯ್ತು. ಹತ್ತನೇ ದಿನ ಟೈಮರ್ ಮೋಟರ್ ಆನ್ ಮಾಡುವ ಹೊತ್ತಿಗೆ ಕರೆಂಟೇ ಹೋಗಿತ್ತು. ಗಿಡಕ್ಕೆ ನೀರಿಲ್ಲ, ಭಾವನ ಕೈಗೆ ಮತ್ತೆ ಟಾರ್ಚ್ ಬಂತು.

"ಪ್ರೋಗ್ರಾಮ್‌ನಲ್ಲಿ ತಪ್ಪೇ ಇಲ್ಲ ಮಾಮ" ಅಂತ ಫೋನ್ ಮಾಡಿದ. ನಿಜ, ಪ್ರೋಗ್ರಾಮ್ ಸರಿಯಾಗೇ ಇತ್ತು. ಅವನು ನೆಚ್ಚಿಕೊಂಡಿದ್ದು ಚಿಪ್ಪಿನೊಳಗಿನ ಆರ್‌ಸಿ ಆಸಿಲೇಟರನ್ನು. ದಿನಕ್ಕೆ 86,400 ಸೆಕೆಂಡ್. ಅದರಲ್ಲಿ ಒಂದು ಪರ್ಸೆಂಟ್ ಅಂದ್ರೆ 864 ಸೆಕೆಂಡ್, ಅಂದರೆ 14 ನಿಮಿಷಕ್ಕೂ ಹೆಚ್ಚು. ಹತ್ತು ದಿನಕ್ಕೆ 2 ಗಂಟೆ 24 ನಿಮಿಷ!

ಹಾಗಂತ ಒಳಗಿನ ಆಸಿಲೇಟರ್ ಕೆಟ್ಟದ್ದಲ್ಲ. ಖರ್ಚಿಲ್ಲ, ಎರಡು ಪಿನ್ ಉಳಿಯುತ್ತೆ, ನಿದ್ದೆಯಿಂದ ಥಟ್ಟನೆ ಏಳುತ್ತೆ. ಎಲ್ಇಡಿ, ಬಟನ್, ಸೆನ್ಸರ್‌ಗೆ ಧಾರಾಳವಾಗಿ ಸಾಕು. ಆದರೆ ಬಿಸಿಲು, ವೋಲ್ಟೇಜ್ ಬದಲಾದಂತೆ ಅದರ ತಾಳವೂ ಬದಲಾಗುತ್ತೆ. ಎಟಿಮೆಗಾ 328ಪಿ ಚಿಪ್‌ಗೆ ಫ್ಯಾಕ್ಟರಿಯ ಲೆಕ್ಕವೇ ±10 ಪರ್ಸೆಂಟ್. ನಾವೇ ಹೊಂದಿಸಿಕೊಂಡರೆ 1 ಪರ್ಸೆಂಟಿಗೆ ತರಬಹುದು. ಸೀರಿಯಲ್ ಸಂಪರ್ಕದಲ್ಲಿ ಎರಡೂ ಕಡೆಯ ವ್ಯತ್ಯಾಸ ನಾಲ್ಕೈದು ಪರ್ಸೆಂಟ್ ದಾಟಿದರೆ ಅಕ್ಷರಗಳು ಕಲಸುಮೇಲೋಗರ ಆಗುತ್ತವೆ.

ಮುಂದಿನ ಮೆಟ್ಟಿಲು ಸೆರಾಮಿಕ್ ರೆಸೊನೇಟರ್. ಆರ್ಡುಯಿನೊ ಉನೊ ಬೋರ್ಡಿನ ಮುಖ್ಯ ಚಿಪ್‌ಗೆ ತಾಳ ಹಾಕುವುದು ಇದೇ. ಸೀರಿಯಲ್‌ಗೆ ಸಾಕು, ಗಡಿಯಾರಕ್ಕೆ ಸಾಲದು.

ಆಮೇಲೆ ಕ್ವಾರ್ಟ್ಜ್ ಕ್ರಿಸ್ಟಲ್. ಸಾಮಾನ್ಯ ಕ್ರಿಸ್ಟಲ್ ತಪ್ಪುವುದು ಹತ್ತು ಲಕ್ಷಕ್ಕೆ 20 ಭಾಗ, ಅಂದರೆ ದಿನಕ್ಕೆ 1.7 ಸೆಕೆಂಡ್. ಕೈಗಡಿಯಾರದಲ್ಲಿ ಇರುವುದು 32,768 ಹರ್ಟ್ಸ್‌ನದು. ಈ ವಿಚಿತ್ರ ಸಂಖ್ಯೆ ಯಾಕೆ? 15 ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ 1 ಬರುತ್ತೆ. ಆದರೆ ಇದು ಸುಮಾರು 25 ಡಿಗ್ರಿಗೆ ಹೊಂದಿಸಿದ್ದು. ಸೆಕೆ ಹೆಚ್ಚಾದರೂ ಚಳಿ ಹೆಚ್ಚಾದರೂ ನಿಧಾನವಾಗುತ್ತೆ.

ತೋಟದ ಡಬ್ಬಿಗೆ ಹೇಳಿದ್ದು ಡಿಎಸ್ 3231. ಕ್ರಿಸ್ಟಲ್ಲು, ಉಷ್ಣಾಂಶ ನೋಡಿ ತಿದ್ದಿಕೊಳ್ಳುವ ವ್ಯವಸ್ಥೆ ಎರಡೂ ಅದರೊಳಗೇ ಇವೆ. 0ಯಿಂದ 40 ಡಿಗ್ರಿಯವರೆಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದಷ್ಟು ವ್ಯತ್ಯಾಸ. ಕರೆಂಟ್ ಹೋದರೂ ಬಟನ್ ಸೆಲ್ ಮೇಲೆ ಓಡುತ್ತಲೇ ಇರುತ್ತೆ.

ಆರಿಸಿದರೆ ಮುಗೀಲಿಲ್ಲ, ಚಿಪ್‌ಗೆ ಅದನ್ನು ಹೇಳಬೇಕು. ಹೊಸ ಎಟಿಮೆಗಾ 328ಪಿ ಫ್ಯಾಕ್ಟರಿಯಿಂದ ಬರುವಾಗ ಒಳಗಿನ 8 ಮೆಗಾಹರ್ಟ್ಸನ್ನು ಎಂಟರಿಂದ ಭಾಗಿಸಿ 1ರಲ್ಲಿ ಓಡುತ್ತಿರುತ್ತೆ. ಕೋಡ್ 16 ಅಂದುಕೊಂಡಿದ್ದರೆ ಒಂದು ಸೆಕೆಂಡಿನ ಕೆಲಸಕ್ಕೆ 16 ಸೆಕೆಂಡ್. ಇದನ್ನು ಬದಲಿಸೋದು ಫ್ಯೂಸ್ ಬಿಟ್‌ಗಳಲ್ಲಿ. ಕ್ರಿಸ್ಟಲ್ ಹಾಕದೇ "ಹೊರಗಿನ ಕ್ರಿಸ್ಟಲ್" ಅಂತ ಬರೆದರೆ ಚಿಪ್ ಮಾತೇ ಆಡಲ್ಲ. ಸತ್ತುಹೋಯ್ತು ಅಂತ ಎಸೀಬೇಡಿ. ಎಕ್ಸ್‌ಟಾಲ್ 1 ಪಿನ್ನಿಗೆ ಹೊರಗಿಂದ ಕ್ಲಾಕ್ ಕೊಟ್ಟರೆ ಎದ್ದು ಕೂರುತ್ತೆ.

ಕೆಪಾಸಿಟರ್‌ನಲ್ಲೂ ಅಂದಾಜು ಬೇಡ. ಕ್ರಿಸ್ಟಲ್‌ನ ಡೇಟಾಶೀಟ್ ಹೇಳುವ ಲೋಡ್‌ನಿಂದ ಬೋರ್ಡಿನದೇ ಆದ ನಾಲ್ಕೈದು ಪಿಕೋಫ್ಯಾರಡ್ ಕಳೆದು, ಎರಡರಿಂದ ಗುಣಿಸಿ. 18ಕ್ಕೆ ಬರೋದು 26. ಅಂಗಡಿಯಲ್ಲಿ 27 ಸಿಗುತ್ತೆ. ಕ್ರಿಸ್ಟಲ್ ಚಿಪ್‌ಗೆ ಅಂಟಿದ ಹಾಗಿರಲಿ.

ಪಾರ್ಟ್ಸ್ ಆರ್ಡರ್ ಮಾಡುವ ಮುಂಚೆ ಎರಡು ಸಾಲು ಬರ್ಕೊಳ್ಳಿ. ಯಾರೂ ಸಮಯ ತಿದ್ದದೆ ಇದು ಎಷ್ಟು ದಿನ ಓಡಬೇಕು? ಎಷ್ಟು ಸೆಕೆಂಡ್ ತಪ್ಪಿದರೆ ನಡೆಯುತ್ತೆ? ಮೂರು ತಿಂಗಳಿಗೆ ಒಂದು ನಿಮಿಷ ಅಂದರೆ ಹತ್ತು ಲಕ್ಷಕ್ಕೆ 8 ಭಾಗಕ್ಕೂ ಕಡಿಮೆ. ಸಾಮಾನ್ಯ ಕ್ರಿಸ್ಟಲ್ ಕೂಡ ಅಲ್ಲಿ ಫೇಲು. ಮೆಗಾಹರ್ಟ್ಸ್ ಪ್ರಶ್ನೆ ಆಮೇಲೆ ಕೇಳಿದರಾಯ್ತು.