ಪರದೆ ಬದಲಾದರೂ ರಂಗಸ್ಥಳವೊಂದೇ

ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಈ ಸಲದ ಲೇಖನವನ್ನು ಆರಂಭಿಸುವೆನು. ನನ್ನ ಮಗನು ವಿದ್ಯಾರ್ಥಿವೇತನವೊಂದಕ್ಕೆ ಅರ್ಜಿ ಹಾಕಬೇಕಾಗಿದ್ದಿತು. ಮೊದಲೇ ಅರ್ಜಿ ಹಾಕಿದ್ದ ನಮ್ಮ ಅಣ್ಣನ ಮಗಳು ಆ ಪುಟದ ವಿಳಾಸವನ್ನು ಮೊಬೈಲಿನಲ್ಲಿ ಕಳುಹಿಸಿದಳು. ಅದೇ ಕಡೆಯ ದಿನ. ವಿಳಾಸವನ್ನು ಮುಟ್ಟಿದೊಡನೆ “404, ಇಂಥ ಪುಟವಿಲ್ಲ” ಎಂಬ ಉತ್ತರ ಬಂದಿತು. ಫೋನು ಮಾಡಿ ಕೇಳಿದರೆ, “ಇಲ್ಲಿ ನನ್ನ ಕಣ್ಣೆದುರಿಗೇ ಇದೆಯಲ್ಲ ಚಿಕ್ಕಪ್ಪ!” ಎಂದಳು. ಅವಳ ಮಾತು ಸುಳ್ಳಲ್ಲ. ನಾನು ಕಂಡದ್ದೂ ಸುಳ್ಳಲ್ಲ. ಇದು ಹೇಗೆ ಸಾಧ್ಯವೆಂಬುದನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಒಳ್ಳೆಯದು.

ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಸೂಚಿಸಿದ ವೆಬ್ಬಿನ ಏರ್ಪಾಡು ಬಹು ಸರಳವಾದುದು. ಒಂದೊಂದು ಪುಟಕ್ಕೂ ಒಂದೊಂದು ವಿಳಾಸ. ನಾವು ವಿಳಾಸವನ್ನು ಮುಟ್ಟಿದರೆ ಬ್ರೌಸರು ದೂರದ ಸರ್ವರನ್ನು ಕೇಳುವುದು. ಸರ್ವರು ಪುಟವನ್ನು ಕಳುಹಿಸುವುದು. ಹಳೆಯ ಪುಟ ಪೂರ್ತಿ ಅಳಿದು ಹೊಸದು ಮೂಡುವುದು. ಪುಟದಲ್ಲಿ ಬದಲಾದದ್ದು ಎರಡೇ ಸಾಲಾದರೂ ತಲೆಬರಹ, ಪಟ್ಟಿ, ಅಂಚು ಎಲ್ಲವನ್ನೂ ಮತ್ತೆ ಬರೆಯಬೇಕು. ಸಾರಿಗೆ ಉಪ್ಪು ಸಾಲದೆಂದು ಒಲೆಯನ್ನೇ ಹೊಸದಾಗಿ ಹೂಡಿದಂತೆ.

1999ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಬ್ರೌಸರಿನಲ್ಲಿ, ಪುಟವನ್ನು ಅಳಿಸದೆಯೇ ಹಿನ್ನೆಲೆಯಲ್ಲಿ ಸರ್ವರಿನಿಂದ ಬೇಕಾದಷ್ಟನ್ನೇ ತರಿಸುವ ಸೌಕರ್ಯವೊಂದು ಬಂದಿತು. 2004ರ ಜೀಮೇಲ್, 2005ರ ಗೂಗಲ್ ಮ್ಯಾಪ್ಸ್ ಇದೇ ಬಗೆಯ ಉಪಾಯವನ್ನು ಜನಸಾಮಾನ್ಯರಿಗೆ ಪರಿಚಯ ಮಾಡಿಕೊಟ್ಟವು. ಅಲ್ಲಿಂದ ಮುಂದೆ ಹೊಸ ಪದ್ಧತಿಯೊಂದು ಬೆಳೆಯಿತು.

ನಾಟಕ ಮಂಡಳಿಯ ಆಟವನ್ನು ನೋಡಿದವರಿಗೆ ಈ ಪದ್ಧತಿ ಸುಲಭವಾಗಿ ಅರ್ಥವಾದೀತು. ಅರಮನೆಯ ಪರದೆ ಮೇಲೆದ್ದು ಅರಣ್ಯದ ಪರದೆ ಇಳಿಯುವುದು. ಪ್ರೇಕ್ಷಕರು ತಾವೇ ಕಾಡಿಗೆ ಬಂದಂತೆ ಭಾವಿಸುವರು. ರಂಗಸ್ಥಳ ಮಾತ್ರ ಇದ್ದಲ್ಲಿಯೇ ಇರುವುದು. ಹಾಗೆಯೇ ಇಲ್ಲಿ ಸರ್ವರು ಮೊದಲು ಒಂದೇ ಒಂದು ಬರಿಯ ಪುಟವನ್ನೂ, ಅದರೊಡನೆ ಜಾವಾಸ್ಕ್ರಿಪ್ಟಿನಲ್ಲಿ ಬರೆದ ಒಂದು ಕಾರ್ಯಕ್ರಮವನ್ನೂ ಕಳುಹಿಸುವುದು. ಆ ಬಳಿಕ ನಾವು ಯಾವ ಕೊಂಡಿಯನ್ನು ಮುಟ್ಟಿದರೂ ಈ ಸೂತ್ರಧಾರನು ಬ್ರೌಸರಿನ ಪ್ರಯಾಣವನ್ನು ತಡೆದು, ತನ್ನಲ್ಲಿರುವ ದಾರಿಗಳ ಪಟ್ಟಿಯನ್ನು ನೋಡಿ, ಆ ವಿಳಾಸಕ್ಕೆ ತಕ್ಕ ನೋಟವನ್ನು ಇಳಿಸುವನು. ವಿಳಾಸದ ಪಟ್ಟಿಯಲ್ಲಿ ಹೊಸ ವಿಳಾಸವನ್ನು ತಾನೇ ಬರೆಯುವನು. ನಾವು ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತಿದರೆ ಬ್ರೌಸರು ಅವನಿಗೆ ಸುದ್ದಿ ಮುಟ್ಟಿಸುವುದು. ಅವನು ಹಿಂದಿನ ಪರದೆಯನ್ನು ಮತ್ತೆ ಇಳಿಸುವನು.

ಹೀಗೆ ವಿಳಾಸವನ್ನು ಬದಲಿಸುವ ಅಧಿಕಾರ ಮೊದಲು ಇರಲಿಲ್ಲ. ಆಗ ವಿಳಾಸದಲ್ಲಿ # ಎಂಬ ಗುರುತನ್ನಿಟ್ಟು ಅದರ ಮುಂದೆ ದಾರಿಯನ್ನು ಬರೆಯುತ್ತಿದ್ದರು. ಏಕೆಂದರೆ ಆ ಗುರುತಿನಿಂದಾಚೆಯ ಭಾಗವು ಸರ್ವರಿಗೆ ಹೋಗುವುದೇ ಇಲ್ಲ. 2014ರಲ್ಲಿ ಸಿದ್ಧವಾದ ಎಚ್‌ಟಿಎಂಎಲ್ 5 ಎಂಬ ನಿಯಮಾವಳಿಯಲ್ಲಿ ಆ ಅಧಿಕಾರ ವಿಧಿಬದ್ಧವಾಯಿತು. ಬ್ರೌಸರುಗಳು ಅದಕ್ಕೆ ಮೊದಲೇ ಅದನ್ನು ಕೊಡತೊಡಗಿದ್ದವು.

ನಮ್ಮ ಮನೆಯ ತೊಡಕು ಹುಟ್ಟಿದ್ದು ಇಲ್ಲಿಯೇ. ಹುಡುಗಿಯು ಮುಖ್ಯದ್ವಾರದಿಂದ ಒಳಹೊಕ್ಕು ಅರ್ಜಿಯ ನೋಟಕ್ಕೆ ಬಂದಿದ್ದಳು. ಆ ವಿಳಾಸವನ್ನು ಬರೆದವನು ಅವಳ ಬ್ರೌಸರಿನೊಳಗಿನ ಸೂತ್ರಧಾರ. ನಾನಾದರೋ ಅದೇ ವಿಳಾಸವನ್ನು ಹಿಡಿದು ನೇರವಾಗಿ ಸರ್ವರನ್ನು ಕೇಳಿದೆನು. ಸರ್ವರಿನಲ್ಲಿ ಆ ಹೆಸರಿನ ಪುಟವಿಲ್ಲ. ಸೂತ್ರಧಾರನು ನನ್ನಲ್ಲಿಗೆ ಇನ್ನೂ ಬಂದೇ ಇಲ್ಲ. ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಇಂಥ ಯಾವ ವಿಳಾಸವನ್ನು ಕೇಳಿದರೂ ಆ ಮೊದಲಿನ ಪುಟವನ್ನೇ ಕೊಡತಕ್ಕದ್ದೆಂದು ಸರ್ವರಿಗೆ ಆಜ್ಞೆಯಿಟ್ಟರೆ ಸಾಕು. ಸೂತ್ರಧಾರನು ಬಂದು ವಿಳಾಸವನ್ನು ಓದಿ ತಕ್ಕ ಪರದೆಯನ್ನು ಇಳಿಸುವನು. ತಾಣವನ್ನು ಕಟ್ಟಿದವರು ಆ ಒಂದು ಆಜ್ಞೆಯನ್ನು ಮರೆತಿದ್ದರು.

ಈ ಪದ್ಧತಿಯಲ್ಲಿ ಮರೆಯಬಾರದ ವಿಷಯಗಳು ಇನ್ನೂ ಕೆಲವುಂಟು. ಕಾರ್ಯಕ್ರಮವೆಲ್ಲವೂ ಒಮ್ಮೆಗೇ ಬರಬೇಕಾದರೆ ಮೊದಲ ನೋಟ ಕಾಣಲು ತಡವಾಗುವುದು. 2010ರಲ್ಲಿ ಈ ಮಾರ್ಗವನ್ನು ಹಿಡಿದಿದ್ದ ಟ್ವಿಟರ್ ಸಂಸ್ಥೆಯು ಇದೇ ಕಾರಣದಿಂದ 2012ರಲ್ಲಿ ಮೊದಲ ನೋಟವನ್ನು ಮತ್ತೆ ಸರ್ವರಿನಲ್ಲಿಯೇ ಸಿದ್ಧಪಡಿಸತೊಡಗಿತು. ಕಾರ್ಯಕ್ರಮವನ್ನು ತುಂಡುಗಳಾಗಿ ಮಾಡಿ ಬೇಕಾದಾಗ ಬೇಕಾದುದನ್ನು ತರಿಸುವ ಕ್ರಮವೂ ಬಳಕೆಯಲ್ಲಿದೆ. ತುಂಡು ಬರುವ ತನಕ ‘ಬರುತ್ತಿದೆ’ ಎಂಬ ಸೂಚನೆಯನ್ನೂ, ಬಾರದೆ ಹೋದರೆ ಅದನ್ನು ತಿಳಿಸುವ ಮಾತನ್ನೂ ತೋರಿಸದಿದ್ದರೆ ಓದುವವನು ಬರಿಯ ಬಿಳಿಯ ಹಲಗೆಯನ್ನು ನೋಡುತ್ತ ಕುಳಿತಿರಬೇಕಾಗುವುದು.

ಎಲ್ಲಕ್ಕಿಂತ ಮನಸ್ಸಿಗೆ ನಾಟಬೇಕಾದುದು ದೃಷ್ಟಿಹೀನರ ಕಷ್ಟ. ಅವರು ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನದ ನೆರವಿನಿಂದ ನಡೆಯುವವರು. ಹೊಸ ಪುಟ ಬಂದರೆ ಆ ಸಾಧನವು ಅದರ ಹೆಸರನ್ನು ಸಾರುವುದು. ಪರದೆ ಮಾತ್ರ ಬದಲಾದರೆ ಅದು ಮೌನವಾಗಿಯೇ ಇರಬಹುದು. ತಾವು ಎಲ್ಲಿಗೆ ಬಂದೆವೆಂದು ಅವರಿಗೆ ತಿಳಿಯುವ ಬಗೆ ಹೇಗೆ? ಕಟ್ಟುವವರು ಪ್ರತಿಯೊಂದು ನೋಟದೊಡನೆ ಪುಟದ ಹೆಸರನ್ನೂ ಬದಲಿಸಿ, ಓದುವ ಸಾಧನದ ಗಮನವನ್ನು ಹೊಸ ತಲೆಬರಹಕ್ಕೆ ತರತಕ್ಕದ್ದು.

ಇನ್ನು ನಾವು ಮಾಡಬೇಕಾದುದೇನು? ಕಳುಹಿಸಿದ ವಿಳಾಸ ತೆರೆಯದಿದ್ದರೆ ಅದು ಇಲ್ಲವೇ ಇಲ್ಲವೆಂದು ಕೈಬಿಡದೆ, ತಾಣದ ಮುಖ್ಯಪುಟದಿಂದ ಒಳಹೊಕ್ಕು ನೋಡುವುದು. ಅರ್ಜಿಯನ್ನು ತುಂಬುತ್ತಿರುವಾಗ ಪುಟವನ್ನು ಹೊಸದಾಗಿ ತರಿಸುವ ಗುಂಡಿಯನ್ನು ಒತ್ತದಿರುವುದು. ಕಾಪಾಡಿಡದ ಬರಹ ಅದರಿಂದ ಅಳಿದುಹೋಗಬಹುದು. ಉದ್ದವಾದ ಉತ್ತರಗಳನ್ನು ಬೇರೆಡೆ ಬರೆದಿಟ್ಟುಕೊಂಡಿರುವುದು.

ಅಂದು ಹುಡುಗಿಯು ಫೋನಿನಲ್ಲಿಯೇ ಒಂದೊಂದು ಹೆಜ್ಜೆಯನ್ನೂ ಹೇಳುತ್ತ ಬಂದಳು. ನಾನು ಮುಖ್ಯಪುಟದಿಂದ ಹೊರಟು ಅರ್ಜಿಯನ್ನು ಮುಟ್ಟಿದೆನು. ರಾತ್ರಿ ಹನ್ನೊಂದಕ್ಕೆ ಮಗನ ಅರ್ಜಿ ಸೇರಿತು. ಆದರೆ ದಾರಿ ಹೇಳುವವರು ಎಲ್ಲರ ಮನೆಯಲ್ಲಿಯೂ ಇರುವರೆ? ಅಂದು ಅದೇ ವಿಳಾಸವನ್ನು ಮುಟ್ಟಿ, ಪುಟವಿಲ್ಲವೆಂಬ ಮಾತನ್ನು ನಂಬಿ ಸುಮ್ಮನಾದ ತಂದೆತಾಯಿಗಳು ಎಷ್ಟು ಮಂದಿಯೋ!