ಗೋಧಿಯ ಅಂಟೂ ಥೈರಾಯ್ಡ್ ಗ್ರಂಥಿಯೂ

ಗೋಧಿಯನ್ನು ಬಿಟ್ಟರೆ ಥೈರಾಯ್ಡ್ ರೋಗವು ವಾಸಿಯಾಗುವುದೆಂಬ ಮಾತು ಈಚೆಗೆ ಹಬ್ಬಿರುವುದು. ಇದನ್ನು ವಿಚಾರಿಸದೆ ನಂಬುವುದು ಯುಕ್ತವಲ್ಲ. ಗೋಧಿ, ಜವೆಗೋಧಿಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಸೀಲಿಯಾಕ್ ರೋಗವುಳ್ಳವರ ಸಣ್ಣಕರುಳನ್ನು ಕೆಡಿಸುವುದು. ಹಾಲೆಂಡಿನ ವೈದ್ಯರಾದ ಡಿಕೆಯವರು ಗೋಧಿಯ ಈ ದೋಷವನ್ನು 1950ರ ಪ್ರಬಂಧದಲ್ಲಿ ತೋರಿಸಿದರು. ಶರೀರದ ರಕ್ಷಣಾಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡುವ ಹಾಶಿಮೊಟೊ ರೋಗವುಳ್ಳವರಲ್ಲಿ ಸೀಲಿಯಾಕ್ ರೋಗವು ಇತರರಿಗಿಂತ ಹೆಚ್ಚಾಗಿ ಕಂಡುಬರುವುದು. ಸಂದೇಹವಿದ್ದವರು ಗೋಧಿಯನ್ನು ಬಿಡುವುದಕ್ಕೆ ಮೊದಲೇ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಬಿಟ್ಟ ಬಳಿಕ ರೋಗವು ಪರೀಕ್ಷೆಗೆ ಸಿಕ್ಕದೆ ಹೋಗಬಹುದು. ಸೀಲಿಯಾಕ್ ಇಲ್ಲದವರಿಗೆ ಗೋಧಿ ಬಿಡುವುದರಿಂದ ಗ್ರಂಥಿಯು ಗುಣವಾಗುವುದೆಂಬುದು ಸಿದ್ಧಪಟ್ಟಿಲ್ಲ. ವೈದ್ಯರ ಗುಳಿಗೆಯನ್ನಂತೂ ನಿಲ್ಲಿಸಕೂಡದು.

ರೋಗವು ನಿಶ್ಚಯವಾದವರಿಗೆ ನಮ್ಮ ರಾಗಿ, ಜೋಳ, ಅಕ್ಕಿಗಳೇ ತಕ್ಕ ಆಹಾರ. ಆದರೆ ಗೋಧಿ ಬೀಸಿದ ಗಿರಣಿಯಲ್ಲಿಯೇ ಬೀಸಿದ ರಾಗಿಹಿಟ್ಟು ಅವರಿಗೆ ಹಾನಿಕರ. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಅಂಥ ಮನೆಯವರ ಧಾನ್ಯವನ್ನು ಪ್ರತ್ಯೇಕವಾದ ಬೀಸುಕಲ್ಲಿನಲ್ಲಿ ಬೀಸಿಸುವ ಏರ್ಪಾಡು ಮಾಡುವುದು ಅತ್ಯಾವಶ್ಯಕ.